ಪರ–ವಿರೋಧ: ವಿಭಜನೆ ಪರಮಾಣುವಿನಲ್ಲಿ ನಿಲ್ಲಲೇಬೇಕೇ?

ಮಡಕೆ ಒಡೆದರೆ ಹೋಳು, ಹೋಳು ಒಡೆದರೆ ಚೂರು, ಚೂರು ಅರೆದರೆ ಪುಡಿ. ಈ ಒಡೆಯುವಿಕೆಗೆ ಒಂದು ಕೊನೆ ಉಂಟು, ಅಲ್ಲಿ ಉಳಿಯುವ, ಅವಯವ (ಭಾಗ) ಇಲ್ಲದ ನಿತ್ಯ ದ್ರವ್ಯವೇ ಪರಮಾಣು ಎನ್ನುತ್ತದೆ ವೈಶೇಷಿಕ ದರ್ಶನ. ಪೃಥ್ವಿ, ಜಲ, ತೇಜಸ್ಸು, ವಾಯು ಈ ನಾಲ್ಕಕ್ಕೆ ಪರಮಾಣುಗಳಿವೆ, ಆಕಾಶಕ್ಕಿಲ್ಲ. ಈ ವಾದ ತರ್ಕದ ಮುಂದೆ ನಿಲ್ಲುತ್ತದೆಯೇ? ಎರಡು ಪಕ್ಷಗಳ ಬರಹ ಇಲ್ಲಿದೆ.

ಪರ: ಕೊನೆಯಿಲ್ಲದಿದ್ದರೆ ಗಾತ್ರಕ್ಕೆ ಲೆಕ್ಕವೇ ಇಲ್ಲ

ಪರಮಾಣು ನಮ್ಮ ನಿಮ್ಮ ಕಣ್ಣಿಗೆ ಬೀಳುತ್ತದೆ ಎಂದು ವೈಶೇಷಿಕ ಸೂತ್ರಗಳ ಕರ್ತೃ ಕಣಾದರು ಹೇಳಿಲ್ಲ. ಅವರ ಸೂತ್ರಗಳ ನಾಲ್ಕನೆಯ ಅಧ್ಯಾಯ ಶುರುವಾಗುವುದೇ 'ಸದಕಾರಣವನ್ನಿತ್ಯಮ್' ಎಂದು. ಇದ್ದೂ ಕಾರಣವಿಲ್ಲದೆ ಇರುವಂಥದ್ದು ನಿತ್ಯ. ಮರುಸೂತ್ರ, 'ತಸ್ಯ ಕಾರ್ಯಂ ಲಿಂಗಮ್'. ಅಂಥದ್ದೊಂದು ಇದೆ ಎನ್ನುವುದಕ್ಕೆ ಅದರ ಕಾರ್ಯವೇ ಗುರುತು. ಹಾಗಾಗಿ ಪರಮಾಣುವನ್ನು ತೋರಿಸಿ ಎಂದು ಕೇಳುವವರು ಕಣಾದರು ಹೂಡದ ವಾದವನ್ನು ಎದುರಿಸುತ್ತಿದ್ದಾರೆ. ಇದು ಪ್ರತ್ಯಕ್ಷದ ಮಾತಲ್ಲ, ಅನುಮಾನದ್ದು, ಅಂದರೆ ಗುರುತಿನಿಂದ ತರ್ಕಿಸಿ ತಿಳಿಯುವಂಥದ್ದು. ಅನುಮಾನದಲ್ಲಿ ದೋಷವಿದ್ದರೆ ತೋರಿಸಬೇಕು.

ಆ ಅನುಮಾನವನ್ನು ಹಂತ ಹಂತವಾಗಿ ಇಟ್ಟವರು 17ನೆಯ ಶತಮಾನದ ಅನ್ನಂಭಟ್ಟರು. ತಮ್ಮ ತರ್ಕಸಂಗ್ರಹಕ್ಕೆ ತಾವೇ ಬರೆದ ದೀಪಿಕೆಯಲ್ಲಿ ಅವರು ಹಿಡಿಯುವುದು ಗವಾಕ್ಷಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ಆಡುವ ದೂಳಿನ ಕಣವನ್ನು. ಅದಕ್ಕೆ ತ್ರಸರೇಣು, ತ್ರ್ಯಣುಕ ಎಂಬ ಹೆಸರುಗಳಿವೆ. ಕಣ್ಣಿಗೆ ಕಾಣುವ ದ್ರವ್ಯಗಳಲ್ಲೆಲ್ಲ ಅದೇ ಸಣ್ಣದು. ಕಣ್ಣಿಗೆ ಕಾಣುವ ದ್ರವ್ಯ ಯಾವುದೇ ಆಗಲಿ ಅವಯವಗಳಿಂದ ಆಗಿರುತ್ತದೆ, ಮಡಕೆಯ ಹಾಗೆ. ಆದ್ದರಿಂದ ತ್ರಸರೇಣುವಿಗೂ ಅವಯವಗಳಿವೆ. ಇದು ಮೊದಲ ಹಂತ. ಆ ಅವಯವಕ್ಕೆ ದ್ವ್ಯಣುಕ ಎಂದು ಹೆಸರು. ಮಹತ್ ಪರಿಮಾಣದ, ಅಂದರೆ ಕಾಣುವಷ್ಟು ದೊಡ್ಡದಾದ ದ್ರವ್ಯವನ್ನು ಕಟ್ಟುವ ಅವಯವಕ್ಕೆ ತನ್ನವೇ ಅವಯವಗಳಿರುತ್ತವೆ, ಮಡಕೆಯನ್ನು ಕಟ್ಟುವ ಹೋಳುಗಳಾದ ಕಪಾಲಗಳಿಗೆ ಇರುವಂತೆ. ದ್ವ್ಯಣುಕವು ತ್ರಸರೇಣುವನ್ನು ಕಟ್ಟುತ್ತದೆ, ತ್ರಸರೇಣು ಮಹತ್ತು. ಆದ್ದರಿಂದ ದ್ವ್ಯಣುಕವೂ ಸಾವಯವ, ಅಂದರೆ ಅವಯವವುಳ್ಳದ್ದು. ಇದು ಎರಡನೆಯ ಹಂತ. ದ್ವ್ಯಣುಕದ ಅವಯವವೇ ಪರಮಾಣು.

ಮೂರನೆಯ ಹಂತಕ್ಕೂ ಇದೇ ತರ್ಕವನ್ನು ಎಳೆದುಕೊಂಡು ಹೋಗಬಹುದಲ್ಲ ಎಂದು ಹಲವರು ಕೇಳುತ್ತಾರೆ. ಆಗದು. ಎರಡನೆಯ ಹಂತದ ಹೇತು, ಅಂದರೆ ಅನುಮಾನಕ್ಕೆ ಕೊಟ್ಟ ಕಾರಣ, 'ಮಹತ್ತನ್ನು ಕಟ್ಟುವುದು'. ಪರಮಾಣು ಕಟ್ಟುವುದು ದ್ವ್ಯಣುಕವನ್ನು. ದ್ವ್ಯಣುಕ ಮಹತ್ತಲ್ಲ, ಅದೂ ಅಣು ಪರಿಮಾಣದ್ದೇ. ಅಂದಮೇಲೆ ಹೇತು ಪರಮಾಣುವಿನಲ್ಲಿ ಇಲ್ಲ. ಮೊದಲ ಹಂತದ ಹೇತುವಾದ 'ಕಣ್ಣಿಗೆ ಕಾಣುವುದು' ದ್ವ್ಯಣುಕದಲ್ಲೇ ಬಿದ್ದುಹೋಗಿತ್ತು. ಎರಡೂ ಹೇತುಗಳು ಮುಗಿದ ಜಾಗದಲ್ಲಿ ವೈಶೇಷಿಕ ನಿಲ್ಲುತ್ತಾನೆ. ಅದು ಮನಬಂದ ಕಡೆ ನಿಂತಂತಲ್ಲ.

ನಿಲ್ಲದಿದ್ದರೆ ಏನಾಗುತ್ತದೆ? ಮೇರು ಪರ್ವತಕ್ಕೂ ಸಾಸಿವೆ ಕಾಳಿಗೂ ಗಾತ್ರ ಒಂದೇ ಆಗುತ್ತದೆ. ಮೇರುವನ್ನು ಒಡೆಯುತ್ತ ಹೋದರೆ ಕೊನೆಯಿಲ್ಲದಷ್ಟು ಅವಯವಗಳು. ಸಾಸಿವೆಯನ್ನು ಒಡೆದರೂ ಅಷ್ಟೇ. ಒಂದು ದೊಡ್ಡದು, ಇನ್ನೊಂದು ಸಣ್ಣದು ಎನ್ನಲು ಇದರಲ್ಲಿ ಅವಯವಗಳು ಹೆಚ್ಚು, ಅದರಲ್ಲಿ ಕಡಿಮೆ ಎಂದು ಹೇಳಬೇಕು. ಎರಡರಲ್ಲೂ ಎಣಿಕೆ ಮುಗಿಯದಿದ್ದರೆ ಹೆಚ್ಚು ಕಡಿಮೆ ಎನ್ನುವ ಮಾತಿಗೆ ಆಸರೆಯೇ ಇಲ್ಲ. ಮೇರು ದೊಡ್ಡದು, ಸಾಸಿವೆ ಸಣ್ಣದು ಎಂಬುದು ಮಗುವಿಗೂ ಗೊತ್ತಿರುವ ಸತ್ಯ. ಆ ಸತ್ಯಕ್ಕೆ ಕಾರಣ ಕೊಡಲಾಗದ ದರ್ಶನ ಜಗತ್ತಿನ ಬಗ್ಗೆ ಏನು ಹೇಳೀತು? ಪರಮಾಣುವಿನ ವಿರುದ್ಧ ಎಷ್ಟೇ ವಾದಗಳು ಬಂದಿರಲಿ, ಮೇರು–ಸಾಸಿವೆಯ ಈ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು.

ಕೊನೆ ಸಿಕ್ಕಮೇಲೆ ಅಲ್ಲಿಂದ ಮೇಲಕ್ಕೆ ಕಟ್ಟಬೇಕು. ವೈಶೇಷಿಕರ ಸೂಕ್ಷ್ಮತೆ ಕಾಣುವುದು ಇಲ್ಲಿಯೇ. ಎರಡು ಪರಮಾಣು ಕೂಡಿ ಒಂದು ದ್ವ್ಯಣುಕ. ಮೂರು ದ್ವ್ಯಣುಕ ಕೂಡಿ ಒಂದು ತ್ರ್ಯಣುಕ. ಅಂದರೆ ಬಿಸಿಲುಕೋಲಿನ ಕಣದಲ್ಲಿ ಆರು ಪರಮಾಣುಗಳು. ಆ ಕಣದ ಆರನೆಯ ಒಂದು ಭಾಗವೇ ಪರಮಾಣು ಎಂಬ ಶ್ಲೋಕ ಹುಟ್ಟಿದ್ದು ಈ ಲೆಕ್ಕದಿಂದ. ಒಂದೇ ಪರಮಾಣು ಸಾಕು ಎಂದರೆ, ಅದಕ್ಕೆ ಇನ್ನೊಂದರ ಸಂಯೋಗ ಬೇಕಿಲ್ಲವಾದ್ದರಿಂದ ಅದು ಸದಾ ಕಾರ್ಯವನ್ನು ಹುಟ್ಟಿಸುತ್ತಲೇ ಇರಬೇಕಾಗುತ್ತದೆ. ನಡುವಿನ ಹಂತಗಳಿಲ್ಲದೆ ಲೆಕ್ಕವಿಲ್ಲದಷ್ಟು ಪರಮಾಣುಗಳು ನೇರವಾಗಿ ಮಡಕೆಯಾಗುತ್ತವೆ ಎಂದರೆ, ಮಡಕೆ ಒಡೆದಾಗ ಹೋಳು ಸಿಗಬಾರದು, ಎಲ್ಲವೂ ಒಮ್ಮೆಗೇ ಕಾಣದಂತಾಗಬೇಕು. ಹೋಳು ಸಿಗುತ್ತದೆ. ಆದ್ದರಿಂದ ಕಟ್ಟಡ ಹಂತ ಹಂತವಾಗಿಯೇ ಎದ್ದಿದೆ.

ಗಾತ್ರದ ವಿಷಯ ಇನ್ನೂ ನಾಜೂಕು. ಸಾಮಾನ್ಯವಾಗಿ ಅವಯವಗಳ ಪರಿಮಾಣ (ಗಾತ್ರ) ಅವುಗಳಿಂದಾದ ಅವಯವಿಯಲ್ಲಿ ತನ್ನದೇ ಜಾತಿಯ, ತನಗಿಂತ ಮೇಲಾದ ಪರಿಮಾಣವನ್ನು ಹುಟ್ಟಿಸುತ್ತದೆ. ದೊಡ್ಡ ನೂಲುಗಳಿಂದ ಇನ್ನೂ ದೊಡ್ಡ ಬಟ್ಟೆ. ಇದೇ ನಿಯಮವನ್ನು ಪರಮಾಣುವಿಗೆ ಹಚ್ಚಿದರೆ ಅಣುವಿನಿಂದ ಇನ್ನೂ ಅಣುವಾದದ್ದು ಹುಟ್ಟಬೇಕು. ಜಗತ್ತು ಬೆಳೆಯುವ ಬದಲು ಕುಗ್ಗುತ್ತದೆ. ಈ ಅಪಾಯವನ್ನು ಕಂಡೇ ವೈಶೇಷಿಕರು ಪರಮಾಣುವಿನ ಪರಿಮಾಣವಾದ ಪಾರಿಮಾಂಡಲ್ಯವನ್ನು ಯಾವುದಕ್ಕೂ ಕಾರಣವಲ್ಲವೆಂದು ಬಿಟ್ಟರು. ದ್ವ್ಯಣುಕದ ಪರಿಮಾಣಕ್ಕೆ ಕಾರಣ ಎರಡು ಪರಮಾಣುಗಳಲ್ಲಿರುವ ದ್ವಿತ್ವ ಸಂಖ್ಯೆ. ತ್ರ್ಯಣುಕದ ಮಹತ್ತಿಗೆ ಕಾರಣ ಮೂರು ದ್ವ್ಯಣುಕಗಳಲ್ಲಿರುವ ಬಹುತ್ವ ಸಂಖ್ಯೆ. ಕಾಣದ್ದರಿಂದ ಕಾಣುವುದು ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆಗೆ ಸಂಖ್ಯೆಯನ್ನು ಉತ್ತರವಾಗಿ ಕೊಟ್ಟ ಈ ನಡೆಯನ್ನು ನಾನು ಭಾರತೀಯ ತತ್ತ್ವಶಾಸ್ತ್ರದ ಅತ್ಯಂತ ಧೀರ ಹೆಜ್ಜೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ವಿರೋಧಿಗಳು ಮತ್ತೆ ಮತ್ತೆ ಎತ್ತುವುದು ಒಂದೇ ಮಾತು: ಆರು ದಿಕ್ಕುಗಳಿಂದ ಆರು ಪರಮಾಣುಗಳು ಬಂದು ತಾಗಿದರೆ ನಡುವಿನದಕ್ಕೆ ಆರು ಭಾಗಗಳಿರಬೇಕಲ್ಲವೇ? ಹೀಗೆ ಕೇಳುವವರು ಪರಮಾಣುವನ್ನು ಕುಯ್ದಿಟ್ಟ ಹಣ್ಣಿನಂತೆ ಕಲ್ಪಿಸಿಕೊಂಡಿದ್ದಾರೆ. ಪೂರ್ವ, ಪಶ್ಚಿಮ ಎಂಬ ಭೇದ ದಿಕ್ಕು ಎಂಬ ಬೇರೊಂದು ದ್ರವ್ಯದಿಂದ ಬರುವುದೇ ಹೊರತು ಪರಮಾಣುವಿನ ಒಳಗಿನ ಭಾಗಗಳಿಂದಲ್ಲ. ಇದರ ಮೇಲೆ ಹೆಚ್ಚು ಹೇಳುವುದಿಲ್ಲ.

ಇನ್ನೊಂದು ಗೊಂದಲ ನಮ್ಮ ಪಕ್ಷದವರದೇ. ಇಂದಿನ ರಸಾಯನಶಾಸ್ತ್ರದ ಪರಮಾಣುವನ್ನು ಕಣಾದರು ಮೊದಲೇ ಕಂಡಿದ್ದರು ಎನ್ನುವುದು ಕಣಾದರಿಗೆ ಮಾಡುವ ಅನ್ಯಾಯ. ಇಂದಿನ ಪರಮಾಣುವಿಗೆ ನ್ಯೂಕ್ಲಿಯಸ್ ಇದೆ, ಎಲೆಕ್ಟ್ರಾನ್ ಇದೆ, ಅದು ಸಾವಯವ. ವೈಶೇಷಿಕರ ಪೃಥ್ವಿ ಪರಮಾಣುವಿಗೆ ಬಣ್ಣವಿದೆ, ರುಚಿಯಿದೆ, ವಾಸನೆಯಿದೆ. ಅವಯವ ಮಾತ್ರ ಇಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು.

ವೈಶೇಷಿಕರ ಪ್ರಶ್ನೆ ಯಾವುದೆಂದು ತಿಳಿಯಲು ಕುಂಬಾರನ ಆವಿಗೆಯನ್ನು ನೋಡಬೇಕು. ಹಸಿ ಮಡಕೆ ಕಪ್ಪಾಗಿ ಒಳಗೆ ಹೋಗುತ್ತದೆ, ಕೆಂಪಾಗಿ ಹೊರಗೆ ಬರುತ್ತದೆ. ಕಪ್ಪು ಎಲ್ಲಿ ಹೋಯಿತು, ಕೆಂಪು ಎಲ್ಲಿ ಹುಟ್ಟಿತು? ಕಾರ್ಯದ್ರವ್ಯದ ಬಣ್ಣ ಅದರ ಅವಯವಗಳ ಬಣ್ಣದಿಂದ ಬರುತ್ತದೆ. ಕೆಂಪು ನೂಲಿನಿಂದ ಕೆಂಪು ಬಟ್ಟೆ. ಆ ಬಣ್ಣ ಹೋಗುವುದೂ ಅದು ನಿಂತಿರುವ ದ್ರವ್ಯ ನಾಶವಾದಾಗ. ಜೊತೆಗೆ ಬೆಂಕಿ ಮಡಕೆಯ ಒಳಗೂ ಹೊರಗೂ, ಪ್ರತಿಯೊಂದು ಅವಯವವನ್ನೂ ವ್ಯಾಪಿಸಬೇಕು. ಮಡಕೆ ಮಡಕೆಯಾಗಿ ಗಟ್ಟಿಯಾಗಿ ಇರುವಷ್ಟು ಹೊತ್ತು ಅದು ಆಗದು ಎಂದು ವೈಶೇಷಿಕದ ಭಾಷ್ಯಕಾರ ಪ್ರಶಸ್ತಪಾದರು ಹೇಳುತ್ತಾರೆ. ಹಾಗಾದರೆ ಬಣ್ಣ ಬದಲಾಗಲು ಇರುವ ಜಾಗ ಒಂದೇ, ಬಿಡಿ ಪರಮಾಣು. ಇದಕ್ಕೆ ಪೀಲುಪಾಕವಾದ ಎನ್ನುತ್ತಾರೆ. ಪೀಲು ಎಂದರೆ ಪರಮಾಣು, ಪಾಕ ಎಂದರೆ ಬೇಯುವಿಕೆ.

ಅದರ ಕ್ರಮ ಹೀಗೆ. ಬೆಂಕಿಯ ತಾಗುವಿಕೆಯಿಂದ ಪರಮಾಣುವಿನಲ್ಲಿ ಕ್ರಿಯೆ ಹುಟ್ಟುತ್ತದೆ. ಅದು ಜೊತೆಯ ಪರಮಾಣುವಿನಿಂದ ಬೇರೆಯಾಗುತ್ತದೆ. ದ್ವ್ಯಣುಕವನ್ನು ಹಿಡಿದಿದ್ದ ಸಂಯೋಗ ನಾಶವಾಗುತ್ತದೆ. ಅಲ್ಲಿಂದ ಕ್ಷಣಗಳ ಎಣಿಕೆ. ಮೊದಲ ಕ್ಷಣದಲ್ಲಿ ದ್ವ್ಯಣುಕದ ನಾಶ. ಎರಡನೆಯದರಲ್ಲಿ ಪರಮಾಣುವಿನ ಕಪ್ಪು ಹೋಗುತ್ತದೆ. ಮೂರನೆಯದರಲ್ಲಿ ಕೆಂಪು ಹುಟ್ಟುತ್ತದೆ. ಕಪ್ಪನ್ನು ಕಳೆದ ಅಗ್ನಿಸಂಯೋಗವೇ ಬೇರೆ, ಕೆಂಪನ್ನು ತಂದ ಅಗ್ನಿಸಂಯೋಗವೇ ಬೇರೆ. ನಾಲ್ಕನೆಯದರಲ್ಲಿ ಮತ್ತೆ ಕಟ್ಟಿಕೊಳ್ಳಲು ಬೇಕಾದ ಕ್ರಿಯೆ. ಐದರಲ್ಲಿ ಇದ್ದ ಜಾಗದಿಂದ ವಿಭಾಗ, ಆರರಲ್ಲಿ ಹಳೆಯ ಸಂಯೋಗದ ನಾಶ, ಏಳರಲ್ಲಿ ಹೊಸ ಜೊತೆಯೊಡನೆ ಸಂಯೋಗ. ಎಂಟರಲ್ಲಿ ಹೊಸ ದ್ವ್ಯಣುಕ, ಒಂಬತ್ತರಲ್ಲಿ ಅದರಲ್ಲಿ ಕೆಂಪು. ನವಕ್ಷಣ ಪ್ರಕ್ರಿಯೆ ಎಂದರೆ ಇದು. ಹತ್ತು, ಹನ್ನೊಂದು ಕ್ಷಣಗಳ ಲೆಕ್ಕಗಳೂ ಇವೆ. ಕ್ರಿಯೆ, ವಿಭಾಗ, ಸಂಯೋಗನಾಶ ಇವುಗಳಲ್ಲಿ ಯಾವುದು ಯಾವುದಕ್ಕೆ ಕಾಯಬೇಕು ಎಂಬುದರ ಮೇಲೆ ಕ್ಷಣಗಳು ಹೆಚ್ಚುತ್ತವೆ.

ಆವಿಗೆಯೊಳಗೆ ಮಡಕೆ ಮುರಿದುಬಿದ್ದದ್ದನ್ನು ಯಾರೂ ಕಾಣಲಿಲ್ಲವಲ್ಲ ಎನ್ನಬಹುದು. ಸೂಜಿಯ ಮೊನೆಯಿಂದ ಮಡಕೆಯನ್ನು ಕೆರೆದರೆ ಕೆಲವು ತ್ರಸರೇಣುಗಳು ಉದುರುತ್ತವೆ, ಹಳೆಯ ಅವಯವಿ ಹೋಗಿ ಹೊಸದು ಬರುತ್ತದೆ. ನಾವು ಆಗಲೂ 'ಅದೇ ಮಡಕೆ' ಎನ್ನುತ್ತೇವೆ. ಗುರುತು ಹಿಡಿದೆವು ಎಂದ ಮಾತ್ರಕ್ಕೆ ಅದು ಅದೇ ಎಂದು ಸಿದ್ಧವಾಗುವುದಿಲ್ಲ. ಪಾಕದಿಂದ ಗುಣ ಬದಲಾಗುವುದು ಪಾರ್ಥಿವ, ಅಂದರೆ ಪೃಥ್ವಿಯ, ಪರಮಾಣುವಿನಲ್ಲಿ ಮಾತ್ರ ಎಂಬುದನ್ನೂ ಗಮನಿಸಬೇಕು. ಜಲ, ತೇಜಸ್ಸು, ವಾಯುಗಳ ಪರಮಾಣುಗಳಲ್ಲಿ ರೂಪ, ರಸ, ಸ್ಪರ್ಶಗಳು ಎಷ್ಟಿವೆಯೋ ಅಷ್ಟೂ ನಿತ್ಯ. ಕಾಯಿಸಿದ ನೀರಿನ ಬಿಸಿ ನೀರಿನದಲ್ಲ, ಅದರೊಳಗೆ ಹೊಕ್ಕ ತೇಜಸ್ಸಿನದು. ಕಾಯಿ ಹಣ್ಣಾಗುವಾಗ ಬಣ್ಣ, ರುಚಿ, ವಾಸನೆ, ಸ್ಪರ್ಶ ನಾಲ್ಕೂ ಬದಲಾಗುತ್ತವೆ. ಅಲ್ಲಿ ನಡೆಯುವುದೂ ಪಾಕವೇ. ಪರಮಾಣುವನ್ನು ಒಪ್ಪದವರು, ಆವಿಗೆಯಲ್ಲಿ ಕಪ್ಪು ಕಳೆದು ಕೆಂಪು ಬರುವ ತನಕ ಉಳಿದಿದ್ದ ದ್ರವ್ಯ ಯಾವುದು ಎಂದು ಹೇಳಬೇಕು.

ವಿರೋಧ: ಭಾಗವಿಲ್ಲದ್ದು ಇನ್ನೊಂದರ ಭಾಗವಾಗುವುದು ಹೇಗೆ?

ವಿರೋಧ ಪಕ್ಷವನ್ನು ಹಿಡಿದು ಬರೆಯಲು ನನ್ನನ್ನು ಕೇಳಿದ್ದಾರೆ. ವೈಶೇಷಿಕರ ಒಂಬತ್ತು ದ್ರವ್ಯ, 24 ಗುಣ, ಐದು ಕರ್ಮಗಳ ವಿಂಗಡಣೆ ತಿಳಿಯದೆ ಬೇರೆ ದರ್ಶನಗಳ ವಾದಗ್ರಂಥವನ್ನೂ ಓದಲಾಗದು ಎಂಬುದನ್ನು ಒಪ್ಪುತ್ತೇನೆ. ವಿಭಜನೆ ಎಲ್ಲೋ ನಿಲ್ಲುತ್ತದೆ ಎಂಬುದನ್ನು ಸಹ ಒಪ್ಪಬಹುದು. ನಿಲ್ಲುವುದು ಪರಮಾಣುವಿನಲ್ಲಿ ಎಂಬುದಕ್ಕೆ ಮಾತ್ರ ನನ್ನ ಆಕ್ಷೇಪ.

ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ 11ರಿಂದ 17ರವರೆಗಿನ ಸೂತ್ರಗಳು ಪರಮಾಣುವಾದದ ವಿಮರ್ಶೆಗೆ ಮೀಸಲು. 12ನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಕೇಳುವ ಪ್ರಶ್ನೆ ಸರಳ: ಒಂದು ಪರಮಾಣು ಇನ್ನೊಂದರೊಡನೆ ಕೂಡುವುದು ಪೂರ್ತಿಯಾಗಿಯೋ, ಒಂದು ಭಾಗದಿಂದಲೋ? ಪೂರ್ತಿಯಾಗಿ ಕೂಡಿದರೆ ಎರಡೂ ಒಂದೇ ಜಾಗದಲ್ಲಿ ಅಡಗಿ ಗಾತ್ರ ಹೆಚ್ಚುವುದಿಲ್ಲ. ಸಾವಿರ ಕೂಡಿದರೂ ಒಂದರಷ್ಟೇ. ಒಂದು ಭಾಗದಿಂದ ಕೂಡಿದರೆ ಪರಮಾಣುವಿಗೆ ಭಾಗಗಳು ಬಂದವು. ಭಾಗಗಳು ಕಲ್ಪಿತ ಎಂದರೆ ಕಲ್ಪಿತ ಭಾಗದ ಸಂಯೋಗವೂ ಕಲ್ಪಿತ. ಕಲ್ಪಿತ ಸಂಯೋಗದಿಂದ ನಿಜವಾದ ದ್ವ್ಯಣುಕ ಹುಟ್ಟದು. ಬೌದ್ಧರಾದ ವಸುಬಂಧು ತಮ್ಮ ವಿಂಶತಿಕೆ ಎಂಬ ಕೃತಿಯ 12ನೆಯ ಕಾರಿಕೆಯಲ್ಲಿ ಇದನ್ನೇ ಆರು ದಿಕ್ಕುಗಳ ರೂಪದಲ್ಲಿ ಹೇಳಿದರು. ಆರೂ ಒಂದೇ ಜಾಗದಲ್ಲಿದ್ದರೆ ಪಿಂಡವೇ ಪರಮಾಣುವಿನಷ್ಟಾಗುತ್ತದೆ ಎಂದೂ ಅಲ್ಲಿಯೇ ಸೇರಿಸಿದರು. ದಿಕ್ಕಿನಿಂದ ಭೇದ ಬರುತ್ತದೆ ಎಂಬ ಸಮಾಧಾನ ಸಾಲದು. ದಿಕ್ಕು ಒಂದೇ, ಅದು ವಿಭು, ಅಂದರೆ ಎಲ್ಲೆಡೆ ವ್ಯಾಪಿಸಿದ್ದು. ಪೂರ್ವದ ಕಡೆಗೆ ತಾಗಿದ್ದು ಪಶ್ಚಿಮದ ಕಡೆಗೆ ತಾಗಲಿಲ್ಲ ಎನ್ನಬೇಕಾದರೆ ತಾಗಿಸಿಕೊಂಡದ್ದರಲ್ಲಿಯೇ ಎರಡು ಕಡೆಗಳಿರಬೇಕು.

ಚಲನೆಯ ಪ್ರಶ್ನೆ ಇನ್ನೊಂದು. ಪ್ರಳಯದಲ್ಲಿ ಪರಮಾಣುಗಳು ಬಿಡಿ ಬಿಡಿಯಾಗಿ ನಿಂತಿರುತ್ತವೆ. ಮೊದಲ ಕ್ರಿಯೆ ಎಲ್ಲಿಂದ? ಅಣುಗಳ ಮತ್ತು ಮನಸ್ಸಿನ ಆದ್ಯ ಕರ್ಮ (ಮೊದಲ ಚಲನೆ) ಅದೃಷ್ಟದಿಂದ, ಅಂದರೆ ಜೀವಿಗಳ ಪುಣ್ಯಪಾಪಗಳಿಂದ, ಎಂದು ಕಣಾದರ ಐದನೆಯ ಅಧ್ಯಾಯ ಹೇಳುತ್ತದೆ. ಅದೃಷ್ಟ ಅಚೇತನ, ಅದು ಇರುವುದು ಆತ್ಮದಲ್ಲಿ, ಚಲಿಸಬೇಕಾದದ್ದು ಪರಮಾಣು. ಆತ್ಮ ವಿಭುವಾದ್ದರಿಂದ ಪರಮಾಣುವಿನೊಡನೆ ಅದರ ಸಂಬಂಧ ಸದಾ ಉಂಟು ಎಂದರೆ, ಕ್ರಿಯೆಯೂ ಸದಾ ಇರಬೇಕಾಗಿ ಪ್ರಳಯ ಅಸಾಧ್ಯ. ಪ್ರಶಸ್ತಪಾದರು ಮಹೇಶ್ವರನ ಇಚ್ಛೆಯನ್ನು ತಂದು ಈ ಬಿರುಕನ್ನು ಮುಚ್ಚಿದರು. ಆ ಇಚ್ಛೆಯನ್ನು ಒಪ್ಪುವವರಿಗೆ ಈ ಆಕ್ಷೇಪ ಅಷ್ಟು ನಾಟುವುದಿಲ್ಲ, ನಿಜ.

ಗುಣಗಳ ಲೆಕ್ಕಕ್ಕೆ ಬಂದರೆ ಬ್ರಹ್ಮಸೂತ್ರದ ಅದೇ ಪಾದದ 16ನೆಯ ಸೂತ್ರ. ಪೃಥ್ವಿಗೆ ಗಂಧ, ರಸ, ರೂಪ, ಸ್ಪರ್ಶ ನಾಲ್ಕು. ಜಲಕ್ಕೆ ಮೂರು, ತೇಜಸ್ಸಿಗೆ ಎರಡು, ವಾಯುವಿಗೆ ಒಂದು. ಪರಮಾಣುಗಳಲ್ಲೂ ಇದೇ ಏರಿಳಿತ ಇದ್ದರೆ ಗುಣ ಹೆಚ್ಚಿದ್ದು ಸ್ಥೂಲವಾಗುತ್ತದೆ. ಎಲ್ಲವೂ ಪರಮ ಸೂಕ್ಷ್ಮ ಎನ್ನಲಾಗದು. ಎಲ್ಲಕ್ಕೂ ಒಂದೊಂದೇ ಎಂದರೆ ತೇಜಸ್ಸಿನಲ್ಲಿ ಸ್ಪರ್ಶ, ಜಲದಲ್ಲಿ ರೂಪ ಸಿಗಬಾರದು. ಎಲ್ಲಕ್ಕೂ ನಾಲ್ಕು ಎಂದರೆ ವಾಯುವಿನಲ್ಲೂ ಗಂಧ, ರಸ, ರೂಪ ಕಾಣಬೇಕು.

ಮಡಕೆ ಬೇಯುವ ಉದಾಹರಣೆಯನ್ನು ಪರಮಾಣುವಾದಿಗಳು ಬಹಳ ನೆಚ್ಚುತ್ತಾರೆ. ಅದರಿಂದ ಪರಮಾಣು ಸಿದ್ಧವಾಗುವುದಿಲ್ಲ. ನ್ಯಾಯದರ್ಶನದವರಾದ ನೈಯಾಯಿಕರು ಪರಮಾಣುವನ್ನು ಒಪ್ಪಿಯೂ ಮಡಕೆ ಒಡೆಯುವುದನ್ನು ಒಪ್ಪಲಿಲ್ಲ. ಮಡಕೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ಬೆಂಕಿ ಅವುಗಳ ಮೂಲಕ ಹೊಕ್ಕು ಇಡೀ ಮಡಕೆಯನ್ನೇ ಬೇಯಿಸುತ್ತದೆ ಎಂಬುದು ಅವರ ಪಿಠರಪಾಕವಾದ. ಕೆಳಗಿನ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾದರೆ ಅದರ ಮೇಲೆ ಪೇರಿಸಿದ್ದು ಕುಸಿದು ಬೀಳಬೇಕಿತ್ತು, ಬೀಳುವುದಿಲ್ಲ. ಪಾಕಕ್ಕೂ ಪರಮಾಣುವಿನ ಇರವಿಗೂ ಬಿಡಲಾರದ ನಂಟಿದ್ದರೆ ಪರಮಾಣುವಾದಿಗಳಲ್ಲೇ ಈ ಒಡಕು ಬರುತ್ತಿರಲಿಲ್ಲ.

ಇಷ್ಟೆಲ್ಲ ಹಳೆಯ ವಾದಗಳು. ಪರಮಾಣುವಾದಿಗಳು ಇವುಗಳಿಗೆ ಉತ್ತರ ಬರೆದೇ ಇದ್ದಾರೆ. ನನಗೆ ನಿಜವಾಗಿಯೂ ಒಪ್ಪಿಗೆಯಾಗುವುದು 16ನೆಯ ಶತಮಾನದ ರಘುನಾಥ ಶಿರೋಮಣಿಯವರ ನಿಲುವು. ಅವರು ಹೊರಗಿನವರಲ್ಲ, ನ್ಯಾಯದರ್ಶನದ ಹೊಸ ಶಾಖೆಯಾದ ನವ್ಯನ್ಯಾಯದ ಅಗ್ರಗಣ್ಯರು. ಪದಾರ್ಥತತ್ತ್ವನಿರೂಪಣದಲ್ಲಿ ಪರಮಾಣು, ದ್ವ್ಯಣುಕ ಎರಡಕ್ಕೂ ಪ್ರಮಾಣವಿಲ್ಲವೆಂದು ಹೇಳಿ, ವಿಭಜನೆಯನ್ನು ತ್ರುಟಿಯಲ್ಲಿ, ಅಂದರೆ ತ್ರಸರೇಣುವಿನಲ್ಲೇ ನಿಲ್ಲಿಸಿದರು. ಕಣ್ಣಿಗೆ ಕಾಣುವ ದ್ರವ್ಯ ಸಾವಯವ ಎಂಬ ನಿಯಮವನ್ನು ಕಲಿತದ್ದು ಮಡಕೆ, ಬಟ್ಟೆಗಳಿಂದ. ತ್ರಸರೇಣು ಕಾಣಲಿ, ಆದರೆ ಅವಯವ ಇಲ್ಲದಿರಲಿ ಎಂದರೆ ಏನು ಬಾಧೆ? ಬಾಧೆ ತೋರಿಸದ ಹೇತು ಅಪ್ರಯೋಜಕ, ಅಂದರೆ ಏನನ್ನೂ ಸಾಧಿಸದು. ಅಂಥ ಹೇತುಗಳಿಗೆ ಎಡೆಗೊಟ್ಟರೆ, ಕಾಣುವ ದ್ರವ್ಯದ ಅವಯವದ ಅವಯವವೂ ಸಾವಯವ ಎಂದು ಪರಮಾಣುವನ್ನು ದಾಟಿ ಮುಂದಕ್ಕೂ ಹೋಗಬಹುದು. ಮೇರು–ಸಾಸಿವೆಯ ಪ್ರಶ್ನೆಗೆ ಉತ್ತರವೂ ಇಲ್ಲಿದೆ: ಮೇರುವಿನಲ್ಲಿ ತ್ರಸರೇಣುಗಳು ಹೆಚ್ಚು, ಸಾಸಿವೆಯಲ್ಲಿ ಕಡಿಮೆ. ಕೊನೆಯಿಲ್ಲದೆ ಒಡೆಯುತ್ತ ಹೋಗುವ ಅನವಸ್ಥೆಯೂ ಇಲ್ಲ. ತ್ರಸರೇಣುವಿನ ಮಹತ್ತು ನಿತ್ಯ ಎಂದರೆ, ಅಣುವಿನಿಂದ ಮಹತ್ತು ಹುಟ್ಟಿದ್ದು ಹೇಗೆ ಎಂದು ಕೇಳಿಕೊಳ್ಳಬೇಕಾಗಿಲ್ಲ, ಪಾರಿಮಾಂಡಲ್ಯವನ್ನು ಕಾರಣದ ಪಟ್ಟಿಯಿಂದ ಹೊರಗಿಡಬೇಕಾಗಿಲ್ಲ, ದ್ವಿತ್ವ–ಬಹುತ್ವಗಳನ್ನು ಗಾತ್ರದ ತಾಯಿಯಾಗಿ ಮಾಡಬೇಕಾಗಿಯೂ ಇಲ್ಲ. ಕಾಣದ ಎರಡು ಮೆಟ್ಟಿಲುಗಳನ್ನು ಕಲ್ಪಿಸುವುದಕ್ಕಿಂತ ಕಾಣುವ ಒಂದರಲ್ಲಿ ನಿಲ್ಲುವುದು ಲಾಘವ (ಕಲ್ಪನೆಯ ಹೊರೆ ಕಡಿಮೆ), ಮತ್ತು ಲಾಘವವನ್ನು ವಾದದ ಅಳತೆಗೋಲಾಗಿ ಕಲಿಸಿದವರು ನೈಯಾಯಿಕರೇ.